ಕಂಬಳಿಯೊಳಗಿನ ಕೈ

ನಂಜನಗೂಡು

ಚಿರಂಜೀವಿ ಗುರುಮಲ್ಲಪ್ಪನಿಗೆ,

ಕಾಗದದ ಮೊದಲಿಗೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾವೆಲ್ಲ ಅನ್ನುವುದಕ್ಕೆ ಈ ಮನೆಯಲ್ಲಿರುವವನು ನಾನೊಬ್ಬ. ಒಂದು ಬೆಕ್ಕಿದೆ, ಅದು ಕ್ಷೇಮ. ನೀನು ಮೈಸೂರಿಗೆ ಓದಲು ಹೊರಟ ದಿನ ನನ್ನನ್ನು ಒಂದು ಮಾತು ಕೇಳಿದೆ. ನಾನು ಕೊಟ್ಟ ಉತ್ತರ ಅಂದಿನಿಂದ ನನ್ನನ್ನು ಉಣ್ಣಲು ಬಿಡುತ್ತಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನೀನು ನನಗೆ ಹುಟ್ಟಿದವನೆಂಬುದು ನಿನಗೂ ಗೊತ್ತು, ನರಸೀಪುರಕ್ಕೂ ಗೊತ್ತು. ಯಾರೂ ಅದನ್ನು ಬಚ್ಚಿಟ್ಟಿಲ್ಲ. ಯಾರೂ ಆ ಮಾತೆತ್ತುವುದಿಲ್ಲ, ಅಷ್ಟೆ. ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ನಿನ್ನ ಹೆತ್ತವ್ವ ಮಲ್ಲಾಜಮ್ಮ ಹೋದಳು. ನಿನಗಿನ್ನೂ ಎರಡು ತುಂಬಿರಲಿಲ್ಲ. ಹಾಲಿಗೆ ಅಳುವ ಕೂಸನ್ನು ಕಟ್ಟಿಕೊಂಡು ನಾನೇನು ಮಾಡಬೇಕಿತ್ತು? ನರಸೀಪುರದಲ್ಲಿದ್ದ ನಮ್ಮಣ್ಣ ಪುಟ್ಟಬಸವಯ್ಯನಿಗೆ ಮಕ್ಕಳಿರಲಿಲ್ಲ. ಮಠದ ಅಯ್ಯನವರ ಮುಂದೆ ಕುಳಿತು ನಿನ್ನನ್ನು ಅತ್ತಿಗೆ ಮಂಗಳಗೌರಿಯವರ ಮಡಿಲಿಗೆ ಹಾಕಿದೆ. ಅಂದಿನಿಂದ ನಾನು ನಿನಗೆ ಚಿಕ್ಕಪ್ಪ.

ಪಟ ತೆಗೆಯುವ ಕಸುಬಿನ ಚಿಕ್ಕಪ್ಪನಿಗೆ ಒಂದು ಭಾಗ್ಯ ಉಳಿದಿತ್ತು. ವರ್ಷಕ್ಕೊಮ್ಮೆ, ದೀಪಾವಳಿ ಕಳೆದು ಬಿಸಿಲು ತಿಳಿಯಾದ ಮೇಲೆ, ಕ್ಯಾಮೆರಾ ಪೆಟ್ಟಿಗೆಯನ್ನು ಗಾಡಿಗೆ ಹೇರಿಕೊಂಡು ನರಸೀಪುರಕ್ಕೆ ಬರುತ್ತಿದ್ದೆ. ಜಗಲಿಯಲ್ಲಿ ಅದೇ ಕಂಬ, ಅದರ ಪಕ್ಕದಲ್ಲಿ ನೀನು. ಕರಿ ಬಟ್ಟೆಯೊಳಗೆ ತಲೆ ಹಾಕಿದೆನೆಂದರೆ ನನ್ನ ಮುಖ ಯಾರಿಗೂ ಕಾಣದು. ಒಳಗಿನ ಗಾಜಿನ ಮೇಲೆ ನೀನು ತಲೆಕೆಳಗಾಗಿ ನಿಂತಿರುತ್ತಿದ್ದೆ. ತಲೆಕೆಳಗಾದರೇನು, ನನ್ನ ಮಗ! ಬಿಸಿಲು ಸಾಲದು, ಮೋಡ ಸರಿಯಲಿ ಎಂದು ನೆಪ ಹೇಳಿ ಹೊತ್ತು ಮಾಡುತ್ತಿದ್ದೆ. ‘ಬೇಗ್ನೆ ತಗೀ ಚಿಕ್ಕಪ್ಪ, ಕಾಲ್ ನೋಯ್ತವೆ’ ಎಂದು ನೀನು ಗೊಣಗುತ್ತಿದ್ದೆ. ಮೋಡ ಇರುತ್ತಲೇ ಇರಲಿಲ್ಲ.

ಈ ಸಲ ನೀನು ಮೈಸೂರಿಗೆ ಹೋಗುವುದು ಗೊತ್ತಾದಾಗ, ಆ ಪಟಗಳನ್ನೆಲ್ಲ ಒಂದು ಪುಸ್ತಕಕ್ಕೆ ಅಂಟಿಸಿಕೊಡು, ಅವನ ಜೊತೆಗಿರಲಿ ಎಂದು ಅತ್ತಿಗೆ ಹೇಳಿದರು. ವರ್ಷಕ್ಕೆ ನಾಲ್ಕಾರು ತೆಗೆದದ್ದರಲ್ಲಿ ಒಂದೊಂದನ್ನೇ ಅಂಟಿಸುವುದೆಂದಾಯಿತು. ಆರಿಸಲು ಕುಳಿತಾಗ ನಮ್ಮಿಬ್ಬರಿಗೂ ಜಗಳವೇ ಆಯಿತು. ನೀನು ಜರಿಪೇಟ ಸುತ್ತಿಕೊಂಡು ಸಣ್ಣ ಅಮಲ್ದಾರನ ಹಾಗೆ ನಿಂತಿರುವ ಪಟಗಳೇ ಅವರಿಗೆ ಬೇಕು. ನನಗೆ ಬೇಕಾದದ್ದು ನಿನಗೆ ಮಂಗನಬಾವು ಬಂದು ಕೆನ್ನೆ ಊದಿದ ವರ್ಷದ್ದು. ಹಲ್ಲು ಬಿದ್ದ ವರ್ಷ, ಬಾಯಿ ಮುಚ್ಚಿಕೋ ಎಂದರೂ ಕೇಳದೆ ನಕ್ಕದ್ದು ಬೇಕು. ನೀನು ಅಲುಗಾಡಿ ಎರಡು ಮೂಗಿನವನಾದದ್ದೂ ಬೇಕು. ಅತ್ತಿಗೆ ಅದನ್ನು ಪಕ್ಕಕ್ಕೆ ಎಸೆದೇಬಿಟ್ಟರು. ‘ನಮ್ ಮಗೀಗೆ ಎಲ್ಡು ಮೂಗಾ? ನೋಡ್ದೋರು ಏನಂದಾರು?’ ಅಲ್ಲಿ ನಾನು ಸೋತೆ. ಆದರೆ ನೀನು ಕ್ಯಾಮೆರಾವನ್ನು ನೇರವಾಗಿ ನೋಡಿದ ಪಟಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕ್ಯಾಮೆರಾ ನೋಡಿದ್ದೆಂದರೆ ನನ್ನನ್ನು ನೋಡಿದ್ದು ಎಂಬುದು ನನ್ನ ಎಣಿಕೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮೊದಲಿನ ಪಟ. ಅದನ್ನು ತೆಗೆದದ್ದು ಇಲ್ಲಿ, ನಂಜನಗೂಡಿನಲ್ಲಿ, ನೀನು ಆರು ತಿಂಗಳ ಕೂಸಾಗಿದ್ದಾಗ. ಕೂಸು ಅಲುಗದ ಹಾಗೆ ಯಾರಾದರೂ ಹಿಡಿದಿರಬೇಕು, ಹಿಡಿದವರು ಪಟದಲ್ಲಿ ಕಾಣಬಾರದು. ಅದಕ್ಕೆ ನಿನ್ನ ಹೆತ್ತವ್ವ ಕರಿ ಕಂಬಳಿಯ ಮುಸುಕು ಹಾಕಿಕೊಂಡು ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಪಟ ತೆಗೆಸಿಕೊಂಡರೆ ಆಯಸ್ಸು ಸವೆಯುತ್ತದೆ ಎಂದು ಅವಳ ಕಿವಿಗೆ ಯಾರೋ ತುಂಬಿದ್ದರು. ‘ನಾನ್ ಕಾಣೂದ್ ಬ್ಯಾಡ, ಮಗ ಕಂಡ್ರೆ ಸಾಕು’ ಎಂದು ಕಂಬಳಿಯೊಳಗಿಂದಲೇ ಹೇಳಿದಳು. ಹಾಗಾದರೆ ಮಗುವಿನ ಆಯಸ್ಸು ಸವೆಯದೇ ಎಂದು ಕೆಣಕಿದೆ. ‘ಅದ್ಕೆ ದಿಷ್ಟಿಬೊಟ್ಟು ಇಕ್ಕಿವ್ನಿ’ ಎಂದಳು. ನಾನು ಪಟ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳ ಬಲಗೈ ಬಳೆಗಳ ಸಮೇತ ಹೊರಗೆ ಜಾರಿಬಂತು. ನೀನು ಅದರ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟೆ. ಪಟ ಕೆಟ್ಟಿತೆಂದು ನಾನು ರೇಗಾಡಿದೆ. ಇನ್ನೊಂದು ತೆಗೆದರಾಯಿತು ಎಂದುಕೊಂಡದ್ದು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಅವಳೇ ಹೋದಳು. ಈ ಊರಿನ ಅರ್ಧ ಜನರ ಮುಖ ನನ್ನ ಪೆಟ್ಟಿಗೆಗಳಲ್ಲಿದೆ. ನನ್ನ ಹೆಂಡತಿಯದು ಎಂದು ಉಳಿದಿರುವುದು ಆ ಒಂದು ಕೈ.

ಅತ್ತಿಗೆ ಆ ಪಟವನ್ನು ಬಹಳ ಹೊತ್ತು ನೋಡಿದರು. ‘ಮಗ ಚಂದಾಗದೆ. ಆ ಕೈಯೊಂದ ತಗ್ದಾಕ್ಬುಡಪ್ಪ. ಅದ ಕಂಡ್ರೆ ನನ್ನೆದೆ ಝಲ್ ಅಂತದೆ’ ಎಂದರು. ಅವರನ್ನು ಕೆಟ್ಟವರೆಂದು ತಿಳಿಯಬೇಡ. ನಿನಗೆ ವಿಷಮಜ್ವರ ಬಂದಾಗ ಅನ್ನ ನಿದ್ದೆ ಬಿಟ್ಟು ನಿನ್ನ ತಲೆದೆಸೆಯಲ್ಲಿ ಕುಳಿತವರು ಅವರು. ಅಷ್ಟೆಲ್ಲ ಮಾಡಿಯೂ ಸತ್ತವಳ ಒಂದು ಕೈಗೆ ಹೆದರುತ್ತಾರಲ್ಲ ಎಂದು ನನಗೆ ಕೋಪ ಬರಲಿಲ್ಲ, ಅಯ್ಯೋ ಅನ್ನಿಸಿತು. ಆಗಲಿ ಅತ್ತಿಗೆ ಎಂದೆ.

ಊರಿಗೆ ಬಂದು ಆ ಪಟದ ಮೂಲವಾದ ಗಾಜಿನ ಪ್ಲೇಟನ್ನು ಬೆಳಕಿಗೆ ಹಿಡಿದು ಕುಳಿತೆ. ಕಷ್ಟದ ಕೆಲಸವೇನಲ್ಲ. ಪಟದಲ್ಲಿ ಬೆಳ್ಳಗೆ ಕಾಣುವುದು ಗಾಜಿನ ಮೇಲೆ ಕಪ್ಪಗೆ ಕೂತಿರುತ್ತದೆ. ಆ ಕಪ್ಪನ್ನು ಚಾಕುವಿನ ಮೊನೆಯಿಂದ ಮೆಲ್ಲಗೆ ಕೆರೆದರೆ ಕೈ ಕಂಬಳಿಯ ಕತ್ತಲೆಯಲ್ಲಿ ಸೇರಿಹೋಗುತ್ತದೆ. ಮದುವೆಯ ಪಟಗಳಿಂದ ಬೇಡವಾದ ನೆಂಟರನ್ನು ಹೀಗೆ ಎಷ್ಟು ಸಲ ಅಳಿಸಿಕೊಟ್ಟಿಲ್ಲ! ಮೊದಲು ಬಳೆಗಳನ್ನು ಕೆರೆದೆ. ಒಂದೊಂದಾಗಿ ಹೋದವು. ಬೆರಳಿಗೆ ಬಂದಾಗ ಕೈ ಓಡಲಿಲ್ಲ. ಬೆರಳನ್ನು ಅಳಿಸಿದರೆ ನಿನ್ನ ಮುಷ್ಟಿ ಏನನ್ನು ಹಿಡಿದಿರಬೇಕು? ಮುಷ್ಟಿಯನ್ನೂ ಅಳಿಸಿದರೆ ನಿನಗೆ ಕೈಯೇ ಇಲ್ಲ. ಹೋಗಲಿ, ಮುಖವೊಂದನ್ನೇ ಉಳಿಸೋಣವೆಂದು ಸುತ್ತಲೂ ಕಾಗದ ಮುಚ್ಚಿ ನೋಡಿದೆ. ಅದರಲ್ಲೂ ನೀನು ಕತ್ತು ತಿರುಗಿಸಿ ಕಂಬಳಿಯನ್ನೇ ನೋಡುತ್ತಿದ್ದೀಯೆ. ಆಮೇಲೆ ಬಳೆಗಳ ನೆನಪಾಯಿತು. ಮುತ್ತೈದೆಯಾಗಿ ಹೋದವಳು. ಅವಳ ಕೈ ಬೋಳು ಮಾಡಿದವನು ಗಂಡನಾದ ನಾನೇ. ಗಾಜಿನ ಮೇಲೆ ಕೆರೆದದ್ದನ್ನು ಮತ್ತೆ ತುಂಬಿದರೂ ಅವೇ ಬಳೆಗಳಾಗುವುದಿಲ್ಲ, ಮಗು. ಅಂದು ನಾನು ಅತ್ತುಬಿಟ್ಟೆ.

ಕೈ ಇದ್ದರೆ ಅತ್ತಿಗೆ ತಾಳರು. ಕೈ ತೆಗೆಯಲು ನನ್ನಿಂದಾಗದು. ಹಾಗಾಗಿ ಆ ಪಟವನ್ನೇ ಪುಸ್ತಕಕ್ಕೆ ಸೇರಿಸಲಿಲ್ಲ. ಹೊರಟ ದಿನ ನೀನು ಪುಸ್ತಕದ ಮೊದಲ ಹಾಳೆ ತಿರುವಿ, ಕಂಬದ ಪಕ್ಕ ನಿಂತಿರುವ ನಿನ್ನನ್ನೇ ನೋಡಿಕೊಂಡು, ‘ಇದ್ಕೂ ಮುಂಚಿಂದು ಇಲ್ವಾ?’ ಎಂದೆ. ಅತ್ತಿಗೆ ನನ್ನ ಮುಖ ನೋಡಿದರು. ನಾನು ‘ಒಡ್ದೋಯ್ತು ಮಗ’ ಎಂದೆ. ಆಮೇಲೆ ನೀನು ಕ್ಯಾಮೆರಾದ ಮುಕ್ಕಾಲಿ ಎತ್ತಿಕೊಡುವ ನೆಪದಲ್ಲಿ ಗಾಡಿಯ ಹತ್ತಿರ ಬಂದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೆ ಕೇಳಿಸದ ಹಾಗೆ, ‘ಹೆತ್ತವ್ವಂದು ಯಾವ್ದಾರ ಒಂದು ಪಟ ಅದಾ ಚಿಕ್ಕಪ್ಪ?’ ಎಂದೆ. ನೀನು ಅವಳ ಮಾತೆತ್ತಿದ್ದು ಅದೇ ಮೊದಲು. ನಾನು ‘ಇಲ್ಲ’ ಎಂದೆ. ನೀನು ಮುಕ್ಕಾಲಿಯನ್ನು ಗಾಡಿಯಲ್ಲಿ ಮೆಲ್ಲಗೆ ಇಟ್ಟೆ.

ಇದೆ, ಮಗು. ಆ ಪ್ಲೇಟನ್ನು ಬಟ್ಟೆ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನನ್ನ ಕಾಲವಾದ ಮೇಲೆ ಯಾರಾದರೂ ಕೆಟ್ಟ ಪ್ಲೇಟೆಂದು ಬಿಸಿನೀರಿನಲ್ಲಿ ತೊಳೆದು ಆ ಗಾಜನ್ನು ಕಿಟಕಿಗೆ ಹಾಕಿಕೊಂಡಾರು ಎಂಬ ಭಯ ನನಗೆ. ನಿನಗೆ ಕಳಿಸಿಬಿಡೋಣ ಎಂದು ಎದ್ದರೆ, ನೀನು ರಜಕ್ಕೆ ಅದನ್ನು ಹಿಡಿದುಕೊಂಡು ಮನೆಗೆ ಹೋದ ದಿನ ಅತ್ತಿಗೆಯ ಮುಖ ಏನಾದೀತೆಂದು ಮತ್ತೆ ಕುಳಿತುಕೊಳ್ಳುತ್ತೇನೆ. ಈ ಕಾಗದವನ್ನಾದರೂ ಅಂಚೆಗೆ ಹಾಕುತ್ತೇನೆಂಬ ನಂಬಿಕೆ ನನಗಿಲ್ಲ. ಆ ಕೈ ನಿನ್ನದು, ಕೊಡಬೇಕಾದವನು ನಾನು. ಆದರೆ ನಿನ್ನನ್ನೇ ಇನ್ನೊಬ್ಬರಿಗೆ ಕೊಟ್ಟವನಿಗೆ ನಿನಗೆ ಏನನ್ನಾದರೂ ಕೊಡುವ ಹಕ್ಕು ಎಲ್ಲಿ ಉಳಿದೀತು?

ಚೆನ್ನಾಗಿ ಉಂಡು, ಚೆನ್ನಾಗಿ ಓದು. ನಿಮ್ಮವ್ವನಿಗೆ ವಾರಕ್ಕೊಂದು ಕಾಗದ ಹಾಕು, ಅವರು ದಾರಿ ನೋಡುತ್ತಿರುತ್ತಾರೆ. ಶ್ರೀಕಂಠೇಶ್ವರ ನಿನ್ನನ್ನು ನೂರುಕಾಲ ಕಾಯಲಿ.

ಇಂತಿ,
ಚಿಕ್ಕಪ್ಪನೆಂದೇ ರುಜು ಹಾಕಬೇಕಾದ
ಚಿಕ್ಕಬಸಪ್ಪ