ಹಿತ್ತಲ ಕೊಳದ ಮೊದಲ ತಾವರೆ

೫ ಮಾರ್ಚ್ ೧೯೭೮, ಭಾನುವಾರ. ನಿಟ್ಟೂರು

ತಾವರೆ ಮೊಗ್ಗು ಬಿಟ್ಟಿದೆ, ಕಡೆಗೂ ಬಿಟ್ಟಿದೆ, ನಮ್ಮ ಹಿತ್ತಲ ಕೊಳದಲ್ಲಿ. ಹಲ್ಲುಜ್ಜುತ್ತಾ ನಿಂತಿದ್ದೆ, ಕಂಡಿತು — ಎಲೆಗಳ ನಡುವೆ ಗುಲಾಬಿ ಬಣ್ಣದ ತುದಿ. ಬ್ರಷ್ ಬಾಯಲ್ಲೇ ಇಟ್ಟುಕೊಂಡು ಓಡಿ ಇವರನ್ನು ಎಬ್ಬಿಸಿದೆ. ಅತ್ತೆ ಗಡ್ಡೆ ತಂದು ನೆಟ್ಟು ಐದು ವರ್ಷವಂತೆ, ಬರೀ ಎಲೆ. ಸಂಕ್ರಾಂತಿಯಲ್ಲಿ ಹಠ ಹಿಡಿದು, ನೆರಳು ಬೀಳಿಸುತ್ತಿದ್ದ ಹೊಂಗೆ ಕೊಂಬೆ ಕಡಿಸಿದವಳು ನಾನು. ಕಾನ್ವೆಂಟ್ ಬಾಟನಿ ದಂಡವಾಗಲಿಲ್ಲ.

ಅತ್ತೆ ಬೆಂಗಳೂರಲ್ಲಿ, ನಾದಿನಿಯ ಬಾಣಂತನಕ್ಕೆ. ಇಲ್ಲದಿದ್ದರೆ ಇಬ್ಬರೂ ಕುಣಿಯಬಹುದಿತ್ತು. ಮಾವ ಹೇಳಿದರು: "ಮೊದಲ್ನೇ ಹೂ ಲಿಂಗಪೂಜೆಗೇ ಅಂತ ಮನಸ್ಸಲ್ಲಿ ಇಟ್ಕೊಂಡವ್ಳೆ ಕಣಮ್ಮ ನಿಮ್ಮತ್ತೆ. ಅರಳಿದ ದಿನ ನಾನೇ ಏರಿಸ್ತೀನಿ."

೯ ಮಾರ್ಚ್

ಹೊಂಗೆ ಹೂ ಉದುರಿ ನೀರ ಮೇಲೆಲ್ಲ ಅವಲಕ್ಕಿ ಚೆಲ್ಲಿದ ಹಾಗಿದೆ. ದಡದಲ್ಲಿ ತುಂಬೆ, ಒಂದೆಲಗ. ಬಚ್ಚಲ ನೀರು ಬರುವ ಕಡೆ ಕೆಸವಿನ ಎಲೆ, ಕಪ್ಪೆಗಳ ಸಂಸಾರ. ಮೊಗ್ಗು ಗೇಣುದ್ದ ಎದ್ದಿದೆ. ಹೋಗಿ ಹೋಗಿ ನೋಡುತ್ತೇನೆ. ಇವರಿಗೆ ಹೊಟ್ಟೆಕಿಚ್ಚು. "ನನ್ನನ್ನೂ ಒಂದ್ಸಲ ಹಂಗೆ ನೋಡೇ."

ನೋಡಿದೆ…

೧೪ ಮಾರ್ಚ್, ಬೆಳಿಗ್ಗೆ

ಅರಳಿತು. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಅಷ್ಟು ದೊಡ್ಡ ಹೂ — ಮುಖ ಪೂರ್ತಿ ಒಳಗಿಟ್ಟು ಮೂಸಿದೆ. ತಿರುಗಿದರೆ ಮೆಟ್ಟಿಲ ಮೇಲೆ ಮಾವ, ವಿಭೂತಿ ಹಚ್ಚಿ, ಪೂಜೆಯ ತಟ್ಟೆ ಹಿಡಿದು. ನನ್ನ ಮೂಗನ್ನೇ ನೋಡುತ್ತಿದ್ದರು.

"ಮೂಸ್‌ಬಿಟ್ಯೇನಮ್ಮ?"

"ಹೂಂ ಮಾವ, ಎಷ್ಟು ಚೆನ್ನಾಗಿದೆ ಗೊತ್ತಾ."

ತಟ್ಟೆ ಕೆಳಗಿಟ್ಟರು. "ಮೂಸಿದ ಹೂ ಲಿಂಗಕ್ಕೆ ಆಗಲ್ಲ ತಾಯಿ."

ಬೈಯಲಿಲ್ಲ. ದಡದ ತುಂಬೆ ಹೂ ಬಿಡಿಸಿಕೊಂಡು ಒಳಗೆ ಹೋದರು. ಕನ್ನಡಿ ನೋಡಿದೆ. ಮೂಗಿನ ಮೇಲೆಲ್ಲ ಹಳದಿ ಪುಡಿ.

ಸಂಜೆ

ಇವರದು ಸುಲಭದ ದಾರಿ. "ಏರಿಸಿದ್ವಿ ಅಂದ್ರಾಯ್ತು. ಅಮ್ಮನಿಗೆ ಹೆಂಗ್ ಗೊತ್ತಾಗುತ್ತೆ?" ನನ್ನಿಂದಾಗದು. ಐದು ವರ್ಷ ಕಾದವರಿಗೆ ಸುಳ್ಳೇ? ಭಾನುವಾರ ಇವರು ಮಗು ನೋಡಲು ಬೆಂಗಳೂರಿಗೆ ಹೋಗುತ್ತಾರೆ. ನಡೆದದ್ದನ್ನೇ ಹೇಳಿ ಎಂದೆ.

೨೦ ಮಾರ್ಚ್

ದಳವೆಲ್ಲ ಉದುರಿ ಹೋಗಿದೆ. ಇವರು ಬಂದರು. ಕಾಫಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ, ಬೇಕಂತಲೇ.

ಎಲ್ಲ ಕೇಳಿದ ಅತ್ತೆ ಮಗುವನ್ನು ತೊಡೆಯಿಂದ ತೊಡೆಗೆ ಬದಲಾಯಿಸಿದರಂತೆ. ಆಮೇಲೆ — "ಘಮ ಹೆಂಗಿತ್ತಂತೋ? ಬುದ್ಧಿ ಬಂದಾಗಿಂದ ದೇವ್ರಿಗೆ ಹೂ ಕಿತ್ತಿದೀನಿ, ಒಂದನ್ನೂ ಮೂಸ್ಲಿಲ್ಲ. ಬಂದು ಅವಳ ಬಾಯಲ್ಲೇ ಕೇಳ್ತೀನಿ ಅನ್ನು."

ಎಲೆಯಡಿ ಇನ್ನೊಂದು ಮೊಗ್ಗಿದೆ, ನಿಂಬೆಕಾಯಿಯಷ್ಟು. ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಘಮವನ್ನು ಹೇಳುವುದು ಹೇಗೆ? ಸೋಂಪಿನ ಹಾಗೆ ಎನ್ನಲೇ… ಅದೂ ಅಲ್ಲ. ಬೇಗ ಹುಡುಕಬೇಕು. ಅತ್ತೆ ಬರುವುದು ಗುರುವಾರ, ಅರಸೀಕೆರೆ ಪ್ಯಾಸೆಂಜರಿಗೆ —