ಸತ್ತ ಪೆಗ್ಗಿಯ ಉಣ್ಣೆ

ಶೆಟ್ಲೆಂಡ್ ದ್ವೀಪದ ಸಮಸ್ತ ಕುರಿಗಳ ಒಡೆಯರೂ, ನಮ್ಮ ಮನೆಯ ಸ್ವೆಟರ್ ಅಂಗಡಿಯ ಏಕಚಕ್ರಾಧಿಪತಿಗಳೂ ಆದ ಲೌರಿ ಅಣ್ಣನ ದಿವ್ಯ ಸನ್ನಿಧಿಗೆ,

ನಮ್ಮಜ್ಜಿ ಕೈಯಾರೆ ಹೆಣೆಯುವ ಪ್ರತಿ ಸ್ವೆಟರಿನ ಚೀಟಿಯಲ್ಲೂ ಉಣ್ಣೆ ಕೊಟ್ಟ ಕುರಿಯ ಹೆಸರಿರುತ್ತದೆ. ನಿನ್ನೆ ಲರ್ವಿಕ್ ಪೇಟೆಯಲ್ಲಿ ಒಬ್ಬಾಕೆ ಅಜ್ಜಿಗೆ ತನ್ನ ಹೊಸ ಸ್ವೆಟರಿನ ಚೀಟಿ ತೋರಿಸಿದಳಂತೆ: ಪೆಗ್ಗಿ. ಪೆಗ್ಗಿ ಸತ್ತು ಮೂರು ವರ್ಷವಾಯಿತು. ಗುಂಡಿ ತೋಡಿದವನು ನೀನೇ.

"ಸತ್ತ ಮೇಲೂ ಉಣ್ಣೆ ಕೊಡ್ತಿದಾಳಲ್ಲೇ, ಎಂಥ ಪುಣ್ಯಾತ್ಗಿತ್ತಿ ನೋಡು" ಅಂದಳು ಅಜ್ಜಿ. ಆಮೇಲೆ ಹೆಣಿಗೆ ಕಡ್ಡಿ ಕೆಳಗಿಟ್ಟವಳು ಇನ್ನೂ ಎತ್ತಿಕೊಂಡಿಲ್ಲ.

ದಕ್ಷಿಣದ ಗಿರಣಿಯಿಂದ ಕದ್ದುಮುಚ್ಚಿ ತರಿಸಿದ ಯಂತ್ರದ ಸ್ವೆಟರುಗಳನ್ನು ಶನಿವಾರದ ಹಡಗಿಗೆ ವಾಪಸು ಕಳಿಸು. ಅಜ್ಜಿಯ ಎದುರು ಕೂತು ನಿಜ ಏನೆಂದು ನೀನೇ ಹೇಳು.

ಇಂತಿ, ನಿನ್ನಿಂದ ಮೋಸಹೋದ ತಂಗಿ,
ಓಸ್ಲಾ

ತಾ.ಕ.: "ಯಾವ್ದಾದ್ರೂ ಹೆಸ್ರು ಬರಿಯೇ" ಎಂದು ನೀನು ಖಾಲಿ ಚೀಟಿ ಕೊಟ್ಟಾಗ ಪೆಗ್ಗಿ ಎಂದು ಬರೆದವಳು ನಾನೇ. ಅಜ್ಜಿ ನಗುತ್ತಾಳೆ ಅಂದುಕೊಂಡಿದ್ದೆ.