ಅಪ್ಪನ ನೋಟ್‌ಬುಕ್ಕಿನ ಕೊನೆಯ ಪದ್ಯ

ಡೊಂಬಿವಲಿ ಪೂರ್ವ
18-11-2024

ಪ್ರೀತಿಯ ಮಗಳು ರಮಿತಾಳಿಗೆ,

ಹೇಗಿದ್ದೀ? ಪುಣೆಯ ಚಳಿಗೆ ಗಂಟಲು ಕಟ್ಟಿತೆಂದು ಫೋನಿನಲ್ಲಿ ಹೇಳಿದೆಯಲ್ಲ, ಕಡಿಮೆಯಾಯಿತೇ? ಊದುವವಳು ನೀನು, ಗಂಟಲಿನ ಮೇಲೆ ಗಮನ ಬೇಡವೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನಗೆ ಕನ್ನಡ ಓದಲು ಬಾರದೆಂದು ಈ ಕಾಗದವನ್ನೂ ಮರಾಠಿ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಅಪ್ಪನ ನೋಟ್‌ಬುಕ್ಕಿನ ಪದ್ಯಗಳನ್ನು ಬರೆದುಕೊಟ್ಟ ಹಾಗೆ.

ಹೋದ ಭಾನುವಾರ ವಾಶಿಯಲ್ಲಿ ನಿಮ್ಮ ಬ್ಯಾಂಡಿನ ಕಾರ್ಯಕ್ರಮ ಕೇಳಿದೆನಲ್ಲ. ಜಾಝ್ ಎಂದರೆ ಗಲಾಟೆ ಎಂದುಕೊಂಡಿದ್ದೆ ಮಾರಾಯ್ತಿ. ನಿಮ್ಮದೋ, ಒಂದು ಸ್ವರ ಮುಗಿದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಷ್ಟು ನಿಧಾನ. ಮನೀಶ್ ಡ್ರಮ್ಮಿನ ಮೇಲೆ ಬ್ರಷ್ ಆಡಿಸಿದಾಗ ಮೊರದಲ್ಲಿ ಅಕ್ಕಿ ಗೇರಿದ ಸದ್ದು. ಅದರ ಮೇಲೆ ನೀನು ಅಪ್ಪನ ಪದ್ಯ ಹೇಳಿ ಸ್ಯಾಕ್ಸೋಫೋನ್ ಎತ್ತಿಕೊಂಡೆ. ನನಗೆ ದುಃಖ ತಡೆಯಲಾಗಲಿಲ್ಲ. "ಊರಲ್ಲಿ ಅದನ್ನು ಮದುವೆ ದಿಬ್ಬಣಕ್ಕೆ ಊದುದು. ನನ್ನ ಮಗಳು ಊದುದು ಬೇಡ" ಎಂದು ಅಪ್ಪ ಕೂಗಾಡಿದ್ದು, ನೀನು ಬೇಲಾಪುರದ ಕೆಲಸವನ್ನೂ ಮನೆಯನ್ನೂ ಬಿಟ್ಟು ಹೋದದ್ದು, ಎರಡು ವರ್ಷ ಮಾತಿಲ್ಲದೆ ಇದ್ದು ಅವರು ತೀರಿಕೊಂಡ ಮೇಲೆ ಬಂದದ್ದು, ಎಲ್ಲ ನೆನಪಾಯಿತು.

ಕೊನೆಗೆ "ಬಾಗಿಲಿಗೆ ಚಿಲಕ ಹಾಕಿಲ್ಲ ಮಗಳೇ, ನಿನ್ನ ತಟ್ಟೆ ತೊಳೆದಿಟ್ಟಿದೆ" ಎಂಬ ಕೊನೆಯ ಪದ್ಯವನ್ನು ನೀನು ಹೇಳಿದೆ. ಆಮೇಲೆ ಮೈಕಿನಲ್ಲಿ "ಇಸೀ ಕವಿತಾ ಮೇ ಪಪ್ಪಾ ನೇ ಮುಝೆ ಮಾಫ್ ಕಿಯಾ" ಎಂದು, ಅಪ್ಪ ಈ ಪದ್ಯದಲ್ಲೇ ನಿನ್ನನ್ನು ಕ್ಷಮಿಸಿದರೆಂದು ಹೇಳಿ ಅತ್ತುಬಿಟ್ಟೆ. ನನ್ನ ಜೊತೆ ಬಂದಿದ್ದ ಕೆಳಗಿನ ಮನೆಯ ದಾನಮ್ಮ ಕಣ್ಣೊರೆಸಿಕೊಂಡು "ಎಂಥಾ ದೊಡ್ಡ ಮನಸ್ಸಿತ್ತ್ರೀ ನಿಮ್ಮ ಯಜಮಾನ್ರದು" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ನೀವು ಹೊರತರುವ ರೆಕಾರ್ಡಿನ ಮುಖಪುಟಕ್ಕೆ ಅಪ್ಪನ ಕೈಬರಹವೇ ಬೇಕು, ನೋಟ್‌ಬುಕ್ಕಿನಲ್ಲಿ ಆ ಪದ್ಯವಿರುವ ಪುಟದ ಫೋಟೋ ಕಳಿಸು ಎಂದು ಮೂರು ಸಲ ಕೇಳಿದ್ದೀ. ಮೂರು ಸಲವೂ ನಾನು ಏನೇನೋ ನೆವ ಹೇಳಿದೆ. ಕಪಾಟಿನ ಕೀಲಿ ಸಿಗುತ್ತಿಲ್ಲ ಎಂದದ್ದೂ ಸುಳ್ಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೀಶನಿಗೂ ಬ್ಯಾಂಡಿನ ಉಳಿದ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ದೇವರು ನಿನ್ನ ಉಸಿರನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಮ್ಮ
ಲೋಲಾಕ್ಷಿ

ತಾ.ಕ.: ಆ ಪುಟ ಇಲ್ಲ ಮಗಾ. ನೀನು ಹೋದ ಮೇಲೆ ಅಪ್ಪ ಒಂದು ಸಾಲೂ ಬರೆಯಲಿಲ್ಲ. ಪದ್ಯಗಳನ್ನು ನಿನಗಾಗಿ ನಕಲು ಮಾಡುವಾಗ, ನೀನು ಅಳುವುದನ್ನು ನೋಡಲಾಗದೆ, ಕೊನೆಯದನ್ನು ನಾನೇ ಬರೆದು ಸೇರಿಸಿದೆ. ಅವರು ನಿನ್ನನ್ನು ಕ್ಷಮಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ. ಚಿಲಕ ಹಾಕದೆ, ತಟ್ಟೆ ತೊಳೆದಿಟ್ಟು ಕಾದವಳು ನಾನು. ಅಮ್ಮನದ್ದೆಂದು ಗೊತ್ತಾದ ಮೇಲೂ ಅದನ್ನು ನುಡಿಸುತ್ತೀಯಾ?